ಕಾಲುವೆ ಬಂದ್ ಆದ ವಾರ ಡಿಪ್ಪರ್ ಹಿಡಿಯಿರಿ: ಹಳ್ಳಿಯಲ್ಲಿ ಅನಾಫಿಲಿಸ್ ಲಾರ್ವಾ ಎಣಿಸುವ ಬಗೆ

ಮಲೇರಿಯಾ ಸಮೀಕ್ಷೆಗೆ ಅಂತ ಊರಿಗೆ ಬಂದವರು ಮೊದಲು ಬಗ್ಗಿ ನೋಡುವುದು ಗಟಾರವನ್ನು. ಅಲ್ಲಿ ಸಿಗುವುದು ಹೆಚ್ಚಾಗಿ ಕ್ಯೂಲೆಕ್ಸ್, ಆನೆಕಾಲು ರೋಗ ಹರಡುವ ಸೊಳ್ಳೆ. ನಮ್ಮ ಹಳ್ಳಿಗಳಲ್ಲಿ ಮಲೇರಿಯಾದ ಮುಖ್ಯ ವಾಹಕ ಅನಾಫಿಲಿಸ್ ಕ್ಯೂಲಿಸಿಫೇಸಿಸ್. ಅದು ಮೊಟ್ಟೆಯಿಡುವುದು ತಿಳಿನೀರಿನಲ್ಲಿ: ಕಾಲುವೆಯ ಸೋರುನೀರು, ಹಳ್ಳದ ಮಡು, ಬೇಸಿಗೆಯಲ್ಲಿ ಭೀಮಾ ಬತ್ತಿದಾಗ ಬಂಡೆಗಳ ನಡುವೆ ಉಳಿಯುವ ಗುಂಡಿ, ಬಳಸದೆ ಬಿಟ್ಟ ಬಾವಿ, ನಾಟಿ ಮಾಡಿದ ಹೊಸದರಲ್ಲಿ ಭತ್ತದ ಗದ್ದೆ.

ಶಹಾಪುರ, ಸುರಪುರ ಕಡೆ ನಾರಾಯಣಪುರ ಎಡದಂಡೆ ಕಾಲುವೆಯ ಊರುಗಳಲ್ಲಿ ಕೆಲಸ ಮಾಡುವವರು ನೀರು ಬಿಡುವ ಸರದಿಯನ್ನು ಮೊದಲು ತಿಳಿದುಕೊಳ್ಳಬೇಕು. ಕಾಲುವೆ ತುಂಬಿ ಹರಿಯುವಾಗ ಲಾರ್ವಾ, ಅಂದರೆ ಸೊಳ್ಳೆಯ ಮರಿಹುಳು, ಕೊಚ್ಚಿಹೋಗುತ್ತದೆ. ನೀರು ನಿಲ್ಲಿಸಿದ ಮೇಲೆ ತಳದಲ್ಲಿ, ತೂಬಿನ ಬುಡದಲ್ಲಿ, ದಂಡೆಯ ಹುಲ್ಲಿನೊಳಗೆ ಉಳಿದ ನೀರೇ ಅದರ ತೊಟ್ಟಿಲು. ಬಿಸಿಲಿನ ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆ ಆಗಲು 8ರಿಂದ 10 ದಿನ ಸಾಕು. ಆದ್ದರಿಂದ ನೀರು ನಿಂತ 4ನೇ ಅಥವಾ 5ನೇ ದಿನ ಹೋಗಿ, ಆಮೇಲೆ ವಾರಕ್ಕೊಮ್ಮೆ ತಪ್ಪದೆ ಹೋಗಿ. ಸರದಿ ಕಾಗದದ ಮೇಲೆ ಒಂದಿದ್ದು ಹೊಲದಲ್ಲಿ ಇನ್ನೊಂದಿರುವುದುಂಟು. ದಂಡೆ ಮೇಲೆ ಸಿಕ್ಕ ರೈತರನ್ನೇ ಕೇಳಿ: "ಅಣ್ಣಾರ, ಕಾಲುವಿ ನೀರ್ ಬಂದ್ ಆಗಿ ಎಷ್ಟ್ ದಿನ ಆತ್ರೀ?"

ಬೇಕಾದ ಸಾಮಾನು ಕಡಿಮೆ. ಸುಮಾರು 350 ಮಿಲಿ ಹಿಡಿಯುವ, ಉದ್ದ ಹಿಡಿಯ ಬಿಳಿ ಡಿಪ್ಪರ್ (ನೀರು ಮೊಗೆಯುವ ಸೌಟು), ಒಂದು ಬಿಳಿ ತಟ್ಟೆ, ಪಿಪೆಟ್ (ನೀರು ಹೀರುವ ಸಣ್ಣ ನಳಿಕೆ), ಮುಚ್ಚಳವಿರುವ ಬಾಟಲಿಗಳು, ಪೆನ್ಸಿಲ್, ನೋಟ್‌ಬುಕ್. ಪೆನ್ನಿನ ಬರಹ ನೀರು ತಾಗಿದರೆ ಅಳಿಸಿಹೋಗುತ್ತದೆ.

ಬೆಳಿಗ್ಗೆ ಬಿಸಿಲೇರುವ ಮುನ್ನ ಶುರುಮಾಡಿ. ಸೂರ್ಯನಿಗೆ ಮುಖ ಮಾಡಿ ನೀರಿನ ಹತ್ತಿರ ಹೋಗಬೇಕು, ಆಗ ನಿಮ್ಮ ನೆರಳು ಹಿಂದೆ ಬೀಳುತ್ತದೆ. ನೆರಳು ನೀರಿನ ಮೇಲೆ ಬಿತ್ತೋ, ಲಾರ್ವಾ ಎಲ್ಲ ತಳ ಸೇರುತ್ತವೆ. ಡಿಪ್ಪರಿಗೆ ಬರೀ ನೀರು ಬರುತ್ತದೆ, ನೀವು "ಇಲ್ಲ" ಅಂತ ಬರೆದುಕೊಂಡು ಬರುತ್ತೀರಿ. ಹೊಸಬರ ಲೆಕ್ಕ ತಪ್ಪುವುದು ಬಹುಪಾಲು ಇಲ್ಲೇ. ಹತ್ತಿರ ಹೋಗಿ ಎರಡು ಮೂರು ನಿಮಿಷ ಸುಮ್ಮನೆ ನಿಲ್ಲಿ. ನಡುನೀರಿಗೆ ಕೈಹಾಕಬೇಡಿ, ಹುಲ್ಲು, ಪಾಚಿ ಇರುವ ಅಂಚನ್ನೇ ಹಿಡಿಯಿರಿ. ಡಿಪ್ಪರನ್ನು 45 ಡಿಗ್ರಿ ಓರೆ ಮಾಡಿ, ಮೇಲ್ನೀರು ತಾನಾಗಿ ಒಳಗೆ ಜಾರುವಂತೆ ಮೆಲ್ಲಗೆ ಇಳಿಸಿ. ತುಂಬಿ ಚೆಲ್ಲುವ ಮುನ್ನ ಎತ್ತಿ. ಮುಂದಿನ ಸಲಕ್ಕೆ ಎರಡು ಹೆಜ್ಜೆ ಸರಿದು, ನೀರು ಶಾಂತವಾದ ಮೇಲೆ ಮತ್ತೆ ಅದ್ದಿ. ಒಂದು ಜಾಗಕ್ಕೆ 10 ಸಲ. ದನದ ಗೊರಸಿನ ಗುಂಡಿಗೆ ಡಿಪ್ಪರ್ ಹಿಡಿಸುವುದಿಲ್ಲ, ಪಿಪೆಟ್‌ನಿಂದ ಹೀರಿ ತಟ್ಟೆಗೆ ಬಿಡಿ. ಬಾವಿಗೆ ಹಗ್ಗ ಕಟ್ಟಿದ ಬಕೆಟ್ ಓರೆಯಾಗಿ ಇಳಿಸಿ, ಗೋಡೆಯಂಚಿನ ನೀರನ್ನು ತೆಗೆಯಿರಿ.

ಈಗ ಡಿಪ್ಪರನ್ನು ಅಲುಗಿಸದೆ ಹಿಡಿದು ನೋಡಿ. ಅನಾಫಿಲಿಸ್ ಲಾರ್ವಾ ನೀರಿನ ಮೇಲೆ ಅಡ್ಡಲಾಗಿ, ಜೋಳದ ಸಿಪ್ಪೆಯ ಚೂರು ತೇಲಿದಂತೆ ಮಟ್ಟಸವಾಗಿ ಮಲಗಿರುತ್ತದೆ. ಕ್ಯೂಲೆಕ್ಸ್ ಬಾಲದ ಉಸಿರುನಳಿಕೆಯನ್ನು ಮೇಲಕ್ಕೆ ತಾಗಿಸಿ ತಲೆಕೆಳಗಾಗಿ ಜೋತುಬಿದ್ದಿರುತ್ತದೆ. ಅನಾಫಿಲಿಸ್‌ಗೆ ಆ ಉದ್ದ ನಳಿಕೆ ಇಲ್ಲ, ಅದಕ್ಕೇ ಅದು ಮಲಗಬೇಕು. ಅನಾಫಿಲಿಸ್‌ನಲ್ಲೇ ಯಾವ ಜಾತಿ ಎಂಬುದನ್ನು ದಂಡೆಯ ಮೇಲೆ ನಿಂತು ಹೇಳಲು ಹೋಗಬೇಡಿ. ಅದೇ ಜಾಗದ ನೀರಿನಲ್ಲಿ ಕೆಲವು ಲಾರ್ವಾ ಒಯ್ದು, ಸೊಳ್ಳೆಯಾದ ಮೇಲೆ ಕೀಟತಜ್ಞರಿಗೆ ತೋರಿಸಿ. ಬಾಟಲಿ ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು, ಬಿಸಿಲಿಗಿಡಬಾರದು. ಕಲಬುರಗಿಯ ಬೇಸಿಗೆಯಲ್ಲಿ ದಾರಿಯಲ್ಲೇ ಸಾಯುತ್ತವೆ.

ಪ್ರತಿ ಅದ್ದುವಿಕೆಯನ್ನೂ ಬೇರೆ ಬೇರೆ ಬರೆಯಿರಿ. 10 ಸಲಕ್ಕೆ 14 ಲಾರ್ವಾ ಸಿಕ್ಕರೆ ಸರಾಸರಿ 1.4. ಆದರೆ ಹದಿನಾಲ್ಕೂ ಒಂದೇ ಹುಲ್ಲಿನ ಬುಡದಲ್ಲಿ ಸಿಕ್ಕಿದ್ದರೆ ಮದ್ದು ಆ ಬುಡಕ್ಕೆ ಬೇಕು, ಸರಾಸರಿ ಅದನ್ನು ಹೇಳುವುದಿಲ್ಲ. ಎಳೆಯ ಲಾರ್ವಾ, ಬಲಿತ ಲಾರ್ವಾ, ಪ್ಯೂಪಾ (ಸೊಳ್ಳೆಯಾಗುವ ಮುಂಚಿನ ಕೋಶದ ಹಂತ) ಮೂರಕ್ಕೂ ಬೇರೆ ಕಾಲಂ ಇರಲಿ. ಏನೂ ಸಿಗದಿದ್ದರೆ 0 ಬರೆಯಿರಿ, ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಅಂದು ಅಲ್ಲಿಗೆ ಹೋಗಿದ್ದಿರೋ ಇಲ್ಲವೋ ಮುಂದೆ ಯಾರಿಗೂ ತಿಳಿಯುವುದಿಲ್ಲ. ಜಾಗಕ್ಕೆ ಊರವರು ಕರೆಯುವ ಹೆಸರನ್ನೇ ಇಡಿ: "ಹನುಮಪ್ಪನ ಗುಡಿ ಹಿಂದಿನ ಬಾವಿ" ಎಂದರೆ ಮುಂದಿನ ವಾರ ಬೇರೆಯವರು ಹೋದರೂ ಸಿಗುತ್ತದೆ. ಆದರೂ ಒಬ್ಬರೇ, ಒಂದೇ ಡಿಪ್ಪರಿನಲ್ಲಿ ಎಣಿಸಿದರೆ ಒಳ್ಳೆಯದು, ಕೈ ಬದಲಾದರೆ ಎಣಿಕೆಯೂ ಬದಲಾಗುತ್ತದೆ.

ಲಾರ್ವಾ ಸಿಕ್ಕ ಚಿಕ್ಕ ಗುಂಡಿಗೆ ಮಣ್ಣು ಹಾಕಿ ಮುಚ್ಚಿ, ಸೋರುನೀರಿಗೆ ಮೊಳದಗಲದ ಹರಿಗಾಲುವೆ ತೋಡಿ. ಬಾವಿಗೆ ಗಪ್ಪಿ ಮೀನು ಬಿಡಬಹುದು; ಹಳ್ಳ, ಹೊಳೆಗೆ ಮಾತ್ರ ಬೇಡ, ಹೊರಗಿನ ಮೀನು ಅಲ್ಲಿನ ಮೀನುಗಳಿಗೆ ಕುತ್ತು. ಲಾರ್ವಾ ಸಾಯಲಿ ಅಂತ ದನ ಕುಡಿಯುವ ನೀರಿಗೆ ಸುಟ್ಟ ಆಯಿಲ್ ಸುರಿಯುವುದು ಶುದ್ಧ ತಪ್ಪು.

ಲಾರ್ವಾ ಪಟ್ಟಿಯ ಪಕ್ಕದಲ್ಲಿ ಜ್ವರದ ಪಟ್ಟಿಯೂ ಇರಬೇಕು. ಬೆಂಗಳೂರು, ಮುಂಬೈ ಕಡೆ ಗುಳೆ ಹೋದವರು ಊರಿಗೆ ಮರಳುವ ಹಬ್ಬದ ದಿನಗಳಲ್ಲಿ ಆಶಾ ಕಾರ್ಯಕರ್ತೆಯ ಜೊತೆ ಮನೆ ಮನೆಗೆ ಹೋಗಿ, "ಅಕ್ಕಾರ, ಗುಳೆ ಹೋಗಿ ಬಂದೋರಿಗೆ ಚಳಿಜ್ವರ ಬಂದಿತ್ತೇನ್ರಿ?" ಎಂದು ಕೇಳಿ. ಹೌದೆಂದರೆ ಅಂದೇ ಮಲೇರಿಯಾ ಪರೀಕ್ಷೆಗೆ ರಕ್ತಲೇಪನ (ಗಾಜಿನ ಮೇಲೆ ಸವರಿದ ರಕ್ತದ ಹನಿ) ತೆಗೆಸಿ. ಮಲೇರಿಯಾದ ಪರೋಪಜೀವಿ ಸೊಳ್ಳೆಯೊಳಗೆ ಬಲಿಯಲು ಹತ್ತು ಹನ್ನೆರಡು ದಿನ, ಮುಂದಿನವರಿಗೆ ಜ್ವರವಾಗಿ ಕಾಣಲು ಮತ್ತೆ ಅಷ್ಟೇ ದಿನ ಬೇಕು. ಅಂದರೆ ಮೊದಲ ರೋಗಿ ಬಂದು ಒಂದು ತಿಂಗಳು ಕಳೆಯುವುದರೊಳಗೆ ಎರಡನೆಯವರು ಮಲಗಿರುತ್ತಾರೆ. ಅಂಥ ರೋಗಿಯ ಮನೆ ಹತ್ತಿರದ ನೀರಿನಲ್ಲಿ ಪ್ಯೂಪಾ ಕಂಡರೆ ಮುಂದಿನ ವಾರಕ್ಕೆ ಬಿಡಬೇಡಿ. ಒಂದೆರಡು ದಿನದಲ್ಲಿ ಅದು ಹಾರುತ್ತದೆ.