ಎತೋಶಾಗೆ ಹೋಗೋರಿಗೆ: ರಾತ್ರಿ ನೀರಿನ ಹೊಂಡದ ಹತ್ರ ಕೂತ್ಕೊಳಿ
ನಮೀಬಿಯಾದ ಎತೋಶಾ ನ್ಯಾಷನಲ್ ಪಾರ್ಕಲ್ಲಿ ಟೆಂಟ್ ಹಾಕೋರು ಒಕಾಕುಯೊ ಕ್ಯಾಂಪಲ್ಲೇ ಸೈಟ್ ಬುಕ್ ಮಾಡಿ, ಬೇಗ ಊಟ ಮುಗಿಸಿ ಕತ್ತಲಾದ್ಮೇಲೆ ಅಲ್ಲಿನ ನೀರಿನ ಹೊಂಡದ ಹತ್ರ ಎರಡು ಮೂರು ಗಂಟೆ ಅಲ್ಲಾಡ್ದೆ ಕೂತ್ಕೊಳಿ, ಕಪ್ಪು ಘೇಂಡಾಮೃಗ ನೋಡೋಕೆ ಹಗಲೆಲ್ಲ ಕಾರಲ್ಲಿ ಸುತ್ತೋದಕ್ಕಿಂತ ಇದೇ ವಾಸಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ ಇಲ್ಲ ಅನ್ನೋಷ್ಟು ಕಮ್ಮಿ, ಸುತ್ತ ಇರೋ ಕುಂಟೆಗಳೆಲ್ಲ ಒಣಗಿ ಪ್ರಾಣಿಗಳು ನೀರಿಗೆ ಇಂಥ ಹೊಂಡಕ್ಕೇ ಬರ್ಬೇಕು, ಅದ್ರಲ್ಲೂ ಘೇಂಡಾ ಬರೋದು ಹೆಚ್ಚಾಗಿ ರಾತ್ರಿನೇ, ಹೊಂಡಕ್ಕೆ ಲೈಟ್ ಹಾಕಿರ್ತಾರೆ, ನಾವು ಗಿಡ್ಡ ಗೋಡೆ ಈಚೆ ಇರ್ತೀವಿ, ಸುಮ್ನಿದ್ರೆ ಅದು ನೀರು ಹೀರೋ ಸದ್ದು ಕೂಡ ಕೇಳ್ಸುತ್ತೆ, ಎಷ್ಟು ಚೆಂದ ಗೊತ್ತಾ! ಮಳೆ ಶುರುವಾದ್ಮೇಲೆ ಇದು ನಡಿಯಲ್ಲ, ಎಲ್ಲ ಕಡೆ ನೀರು ಸಿಗೋದ್ರಿಂದ ಪ್ರಾಣಿಗಳಿಲ್ದೆ ಹೊಂಡ ಹೆಚ್ಚಾಗಿ ಖಾಲಿ ಹೊಡಿತಿರುತ್ತೆ. ಜೋರಾಗಿ ಮಾತಾಡಿದ್ರೂ, ಟಾರ್ಚು ಫ್ಲ್ಯಾಶು ಬಿಟ್ರೂ ಪ್ರಾಣಿಗಳು ಹತ್ರ ಬರಲ್ಲ, ದಯವಿಟ್ಟು ಬೇಡ. ಜುಲೈಲಿ ಭಾರೀ ಚಳಿ, ದಪ್ಪ ಕಂಬಳಿ ಒಯ್ಯಿರಿ. ಹೋಗೋ ಮುಂಚೆ ಊಟದ ಡಬ್ಬಿ, ಶೂ ಎಲ್ಲ ಕಾರೊಳಗೆ ಹಾಕಿ, ಕ್ಯಾಂಪಲ್ಲಿ ನರಿಗಳು ಓಡಾಡ್ತಿರ್ತವೆ.