ಒಂದು ಕೆಲಸದಿಂದ ಇನ್ನೊಂದಕ್ಕೆ: ಐವತ್ತೈದರ ನಂತರ ಗಮನ ಹೊರಳಿಸುವ ಅಭ್ಯಾಸ ಹೇಗೆ?

ಲೆಕ್ಕದ ಪುಸ್ತಕದಲ್ಲಿ ಉದ್ದನೆಯ ಸಾಲೊಂದನ್ನು ಕೂಡಿಸುತ್ತಿರುವಾಗ ಫೋನ್ ರಿಂಗಾಗುತ್ತದೆ. ಎರಡು ನಿಮಿಷ ಮಾತನಾಡಿ ಮರಳಿ ಪೆನ್ನು ಹಿಡಿದರೆ ಎಲ್ಲಿಯವರೆಗೆ ಕೂಡಿಸಿದ್ದೆವು, ದಶಕ ಎಷ್ಟಿತ್ತು ಎಂಬುದು ಹೊಳೆಯುವುದಿಲ್ಲ. ಫೋನಿನ ಮಾತು ಮಾತ್ರ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ. ಐವತ್ತೈದು ದಾಟಿದ ಅನೇಕರು ಇದನ್ನು ಮರೆವಿನ ಕಾಯಿಲೆಯ ಆರಂಭವೆಂದು ಭಾವಿಸಿ ಕಂಗಾಲಾಗುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಇಲ್ಲಿ ತಡವರಿಸಿದ್ದು ಬೇರೆಯೇ ಒಂದು ಸಾಮರ್ಥ್ಯ. ಅದು ಒಂದು ಕೆಲಸದ ನಿಯಮವನ್ನು ಕೆಳಗಿಟ್ಟು ಇನ್ನೊಂದರ ನಿಯಮವನ್ನು ಕೈಗೆತ್ತಿಕೊಳ್ಳುವ, ಬಳಿಕ ಮೊದಲಿನದಕ್ಕೆ ಸರಿಯಾಗಿ ಮರಳುವ ಸಾಮರ್ಥ್ಯ. ಅಭ್ಯಾಸದಿಂದ ಅದನ್ನು ಒಂದಿಷ್ಟು ಚುರುಕುಗೊಳಿಸಬಹುದು.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ತೆಗೆದುಹಾಕಬೇಕು. ಎರಡು ಕೆಲಸಗಳನ್ನು ಏಕಕಾಲಕ್ಕೆ ಮಾಡುವುದನ್ನು ಈ ಅಭ್ಯಾಸ ಕಲಿಸುವುದಿಲ್ಲ. ಯೋಚನೆ ಬೇಡುವ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿದ್ದೇವೆ ಎಂದುಕೊಳ್ಳುವಾಗಲೂ ಮಿದುಳು ಸಾಮಾನ್ಯವಾಗಿ ಒಂದರಿಂದ ಇನ್ನೊಂದಕ್ಕೆ ಹೊರಳುತ್ತಿರುತ್ತದೆ, ಮತ್ತು ಪ್ರತಿ ಹೊರಳಿಕೆಗೂ ಒಂದಿಷ್ಟು ಸಮಯವನ್ನು ತೆರುತ್ತದೆ. ಮನೋವಿಜ್ಞಾನಿ ಆರ್ಥರ್ ಜೆರ್ಸಿಲ್ಡ್ 1927ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಒಂದೇ ಬಗೆಯ ಲೆಕ್ಕಗಳ ಪಟ್ಟಿಯನ್ನು ಮುಗಿಸುವುದಕ್ಕಿಂತ, ಎರಡು ಬಗೆಯ ಲೆಕ್ಕಗಳನ್ನು ಒಂದಾದ ಮೇಲೊಂದರಂತೆ ಮಾಡುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ವಯಸ್ಸಾದಂತೆ ಈ ತೆರಿಗೆಯ ಯಾವ ಭಾಗ ಏರುತ್ತದೆ ಎಂಬುದನ್ನು ಯೂಟಾ ಕ್ರಾಯ್ ಮತ್ತು ಉಲ್ಮನ್ ಲಿಂಡೆನ್‌ಬರ್ಗರ್ 2000ದಲ್ಲಿ ಪ್ರಕಟಿಸಿದ ಅಧ್ಯಯನ ವಿಂಗಡಿಸಿ ನೋಡಿತು: ಹೊರಳುವ ಆ ಕ್ಷಣದ ತಡಕ್ಕಿಂತಲೂ, ಎರಡು ನಿಯಮಗಳನ್ನು ಮನಸ್ಸಿನಲ್ಲಿ ಸಿದ್ಧವಾಗಿಟ್ಟುಕೊಂಡು ಈಗ ಯಾವುದು ಬೇಕೆಂದು ಆರಿಸುವ ಹೊರೆಯೇ ಹಿರಿಯರಿಗೆ ಹೆಚ್ಚು ಭಾರವಾಗಿ ಕಂಡಿತು. ಆದ್ದರಿಂದ ನಮ್ಮ ಅಭ್ಯಾಸವೂ ಈ ಹೊರೆಯನ್ನೇ ಗುರಿಯಾಗಿಸಿಕೊಳ್ಳಬೇಕು.

ಮೊದಲ ಹೆಜ್ಜೆ: ಇಂದಿನ ಸ್ಥಿತಿಯನ್ನು ಅಳೆದುಕೊಳ್ಳಿ

ಒಂದು ಹಾಳೆ, ಪೆನ್ನು, ಸೆಕೆಂಡು ತೋರಿಸುವ ಗಡಿಯಾರ ಸಾಕು. 1ರಿಂದ 13ರವರೆಗೆ ಅಂಕಿಗಳನ್ನೂ, ಅದರ ಬೆನ್ನಿಗೇ ಅ ಇಂದ ಓ ವರೆಗಿನ 12 ಸ್ವರಗಳನ್ನೂ ಬರೆದು, ಒಟ್ಟು ಎಷ್ಟು ಸೆಕೆಂಡು ಹಿಡಿಯಿತೆಂದು ಗುರುತು ಹಾಕಿಕೊಳ್ಳಿ. ಬಳಿಕ ಅವೇ 25 ಗುರುತುಗಳನ್ನು ಹೆಣೆದು ಬರೆಯಿರಿ: 1, ಅ, 2, ಆ, 3, ಇ, 4, ಈ ಎಂದು ಸಾಗಿ 12, ಓ, 13ಕ್ಕೆ ನಿಲ್ಲಿಸಿ. ಬರೆದ ಗುರುತುಗಳು ಎರಡು ಸಲವೂ ಅವೇ ಆದ್ದರಿಂದ, ಎರಡನೆಯ ಸಲ ಹೆಚ್ಚಾಗಿ ಹಿಡಿದ ಸಮಯವೇ ನಿಮ್ಮ ಹೊರಳಿಕೆಯ ಬೆಲೆ. ಬಹುತೇಕರ ಕೈ ಆರು, ಏಳರ ಆಸುಪಾಸಿನಲ್ಲಿ ಒಮ್ಮೆ ನಿಲ್ಲುತ್ತದೆ. ಊ ಆದ ಮೇಲೆ ಋ ಬರಬೇಕೆಂಬುದು ಗೊತ್ತಿದ್ದರೂ, ನಡುವೆ ಅಂಕಿ ತೂರಿಕೊಂಡಿದ್ದರಿಂದ ವರ್ಣಮಾಲೆಯ ಸರಾಗ ಓಟ ತುಂಡಾಗಿರುತ್ತದೆ. 1944ರಲ್ಲಿ ಅಮೆರಿಕದ ಸೇನೆಯ ಪರೀಕ್ಷೆಗಳಲ್ಲಿ ಸೇರಿದ್ದು, ಇಂದಿಗೂ ನರರೋಗ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿರುವ 'ಟ್ರೇಲ್ ಮೇಕಿಂಗ್' ಪರೀಕ್ಷೆಯ ಎರಡನೆಯ ಭಾಗ ಇದೇ ತತ್ವದ ಮೇಲೆ ನಿಂತಿದೆ. ಆದರೆ ಮನೆಯ ಈ ಅಳತೆ ರೋಗನಿರ್ಣಯವಲ್ಲ. ಇದನ್ನು ಬೇರೆಯವರ ಅಂಕಿಯೊಂದಿಗೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಆರು ವಾರಗಳ ನಂತರದ ನಿಮ್ಮದೇ ಅಂಕಿಯೊಂದಿಗೆ ಹೋಲಿಸಿದರೆ ಸಾಕು.

ಎರಡನೆಯ ಹೆಜ್ಜೆ: ಇಸ್ಪೀಟೆಲೆಗಳಿಂದ ಅಭ್ಯಾಸ

ಒಂದು ಕಟ್ಟಿನಿಂದ ರಾಜ, ರಾಣಿ, ಗುಲಾಮರನ್ನು ತೆಗೆದಿಟ್ಟರೆ 40 ಎಲೆಗಳು ಉಳಿಯುತ್ತವೆ. ಎಕ್ಕವನ್ನು ಒಂದು ಎಂದು ಎಣಿಸಿ. ನಿಯಮಗಳು ಎರಡು. ಬಣ್ಣದ ನಿಯಮದಲ್ಲಿ ಕೆಂಪು ಎಡಕ್ಕೆ, ಕಪ್ಪು ಬಲಕ್ಕೆ. ಅಂಕಿಯ ನಿಯಮದಲ್ಲಿ ಬೆಸಸಂಖ್ಯೆ ಎಡಕ್ಕೆ, ಸಮಸಂಖ್ಯೆ ಬಲಕ್ಕೆ. ಕಪ್ಪು ಏಳು ಕೈಗೆ ಬಂದಿತೆನ್ನಿ. ಬಣ್ಣ ನೋಡಿದರೆ ಅದು ಬಲಕ್ಕೆ ಹೋಗಬೇಕು, ಅಂಕಿ ನೋಡಿದರೆ ಎಡಕ್ಕೆ. ಕೈ ಒಂದು ಕಡೆ ಹೊರಟು ಅರ್ಧದಲ್ಲಿ ತಡೆದು ನಿಲ್ಲುವ ಆ ಕ್ಷಣದಲ್ಲೇ ನಿಜವಾದ ಅಭ್ಯಾಸ ನಡೆಯುತ್ತಿರುತ್ತದೆ. ಎರಡೂ ನಿಯಮ ಒಂದೇ ದಿಕ್ಕು ತೋರಿಸುವ ಕೆಂಪು ಏಳಿನಿಂದ ಅಷ್ಟು ಪ್ರಯೋಜನವಿಲ್ಲ.

ಮೊದಲ ಎರಡು ವಾರ ಎರಡು ಎಲೆಗಳನ್ನು ಬಣ್ಣದಿಂದ, ಮುಂದಿನ ಎರಡನ್ನು ಅಂಕಿಯಿಂದ ವಿಂಗಡಿಸುತ್ತ ಹೋಗಿ. ಮೂರನೆಯ ಮತ್ತು ನಾಲ್ಕನೆಯ ವಾರದಲ್ಲಿ ಎಲೆಯಿಂದ ಎಲೆಗೆ ನಿಯಮ ಬದಲಾಗಲಿ. ಕೊನೆಯ ಎರಡು ವಾರ ಮನೆಯವರೊಬ್ಬರು ತಮಗೆ ತೋಚಿದಂತೆ 'ಬಣ್ಣ' ಅಥವಾ 'ಅಂಕಿ' ಎಂದು ಕೂಗಲಿ, ನೀವು ಅದರಂತೆ ಇಡಿ. ವಾರಕ್ಕೆ ಮೂರು ನಾಲ್ಕು ದಿನ, ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕೆಂಬುದು ನನ್ನ ಸಲಹೆ. ದಣಿದ ಮೇಲೂ ಹಟ ಹಿಡಿದು ಮುಂದುವರಿಸಿದರೆ ತಪ್ಪುಗಳೇ ರೂಢಿಯಾಗುತ್ತವೆ. ವೇಗಕ್ಕಿಂತ ಮೊದಲು ನಿಖರತೆ ಬರಲಿ: ನಲವತ್ತರಲ್ಲಿ ಎರಡಕ್ಕಿಂತ ಹೆಚ್ಚು ತಪ್ಪಾಗುತ್ತಿದ್ದರೆ ಗಡಿಯಾರವನ್ನು ಬದಿಗಿಡಿ.

ಇಲ್ಲಿ ಒಂದು ಉಪಾಯವನ್ನು ಎಂದಿಗೂ ಬಿಡಬೇಡಿ. ಎಲೆಯನ್ನು ತಿರುವುವ ಮುಂಚೆ ಮುಂದಿನ ನಿಯಮದ ಹೆಸರನ್ನು ಬಾಯಿಬಿಟ್ಟು ಹೇಳಿ. ಹೀಗೆ ಮುಂದಿನ ಕೆಲಸವನ್ನು ಹೆಸರಿಸಿದಾಗ ಹೊರೆ ತಗ್ಗುವುದು, ಅದರಲ್ಲೂ ಹಿರಿಯರಲ್ಲಿ ತಗ್ಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಇದು ಮಕ್ಕಳಾಟದಂತೆ ತೋರಬಹುದು. ಆದರೆ ಈ ಲೇಖನದಿಂದ ಒಂದೇ ಒಂದನ್ನು ಉಳಿಸಿಕೊಳ್ಳುವುದಾದರೆ ಇದನ್ನೇ ಉಳಿಸಿಕೊಳ್ಳಿ ಎನ್ನುತ್ತೇನೆ.

ಮೂರನೆಯ ಹೆಜ್ಜೆ: ಅಭ್ಯಾಸವನ್ನು ನಿಜವಾದ ಕೆಲಸಕ್ಕೆ ಒಯ್ಯಿರಿ

ಎಲೆ ವಿಂಗಡಿಸುವುದರಲ್ಲಿ ಪಳಗಿದವರು ಎಲೆ ವಿಂಗಡಿಸುವುದರಲ್ಲಷ್ಟೇ ಪಳಗಿರಬಹುದು. ಜೂಲಿಯಾ ಕಾರ್ಬಾಕ್ ಮತ್ತು ಯೂಟಾ ಕ್ರಾಯ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 62ರಿಂದ 76 ವರ್ಷದವರೂ ಕೇವಲ ನಾಲ್ಕು ತರಬೇತಿಗಳ ನಂತರ ಸುಧಾರಿಸಿದ್ದರು, ಅದರ ಲಾಭ ಬೇರೆ ಪರೀಕ್ಷೆಗಳಿಗೂ ಹರಿದಿತ್ತು; ಆದರೆ ಆಮೇಲಿನ ಪ್ರಯೋಗಗಳಲ್ಲಿ ಅಷ್ಟು ವ್ಯಾಪಕವಾದ ಲಾಭ ಸದಾ ಕಾಣಿಸಲಿಲ್ಲ. 65 ದಾಟಿದ 2,832 ಮಂದಿ ಪಾಲ್ಗೊಂಡು, 2002ರಲ್ಲಿ ಫಲಿತಾಂಶ ಹೊರಬಂದ ಅಮೆರಿಕದ 'ಆಕ್ಟಿವ್' ಅಧ್ಯಯನದಲ್ಲಿಯೂ ನೆನಪು, ತರ್ಕ, ವೇಗ ಇವುಗಳಲ್ಲಿ ಯಾವುದಕ್ಕೆ ತರಬೇತಿ ಸಿಕ್ಕಿತೋ ಅದಷ್ಟೇ ಸುಧಾರಿಸಿತು. ಒಂದೇ ಆಟದಿಂದ ಇಡೀ ಮಿದುಳು ಹರಿತವಾಗುತ್ತದೆಂದು ಹೇಳಿ ಹಣ ಕೇಳುವ ಜಾಹೀರಾತುಗಳನ್ನು ಈ ಕಾರಣಕ್ಕಾಗಿಯೇ ನಂಬಬಾರದು. ಯಾವ ಕೆಲಸದಲ್ಲಿ ತಡವರಿಸುತ್ತೀರೋ ಆ ಕೆಲಸದಲ್ಲಿಯೇ ಅಭ್ಯಾಸ ಮಾಡಬೇಕು.

ಅದಕ್ಕೆ ದಿನವೂ ಒಂದು ಅರ್ಧ ಗಂಟೆಯನ್ನು ಮೀಸಲಿಡಿ. ಲೆಕ್ಕ ಬರೆಯುವುದು ಮತ್ತು ಪತ್ರಗಳಿಗೆ ಉತ್ತರಿಸುವುದು, ಹೀಗೆ ಸ್ವಭಾವದಲ್ಲಿ ಭಿನ್ನವಾದ ಎರಡು ಕೆಲಸಗಳನ್ನು ಆರಿಸಿಕೊಂಡು ಏಳೆಂಟು ನಿಮಿಷಕ್ಕೊಮ್ಮೆ ಬೇಕೆಂದೇ ಬದಲಾಯಿಸಿ. ಪ್ರತಿ ಸಲ ಒಂದನ್ನು ಬಿಡುವ ಮುನ್ನ ಮರಳಿ ಬಂದಾಗ ಮಾಡಬೇಕಾದ ಮೊದಲ ಕ್ರಿಯೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ. 'ಲೆಕ್ಕ ಬಾಕಿ ಇದೆ' ಎಂದು ಬರೆದರೆ ಉಪಯೋಗವಿಲ್ಲ. 'ಹನ್ನೊಂದನೆಯ ಸಾಲಿನವರೆಗೆ ಆಯಿತು, ದಶಕ 4' ಎಂದು ಬರೆಯಬೇಕು. ಅರ್ಧಕ್ಕೆ ಬಿಟ್ಟ ಕೆಲಸದ ಎಳೆಯೊಂದು ಮನಸ್ಸಿನಲ್ಲಿ ಉಳಿದು ಮುಂದಿನ ಕೆಲಸಕ್ಕೆ ಅಡ್ಡಿಯಾಗುವುದನ್ನು ಸೋಫಿ ಲೆರಾಯ್ 2009ರಲ್ಲಿ ವಿವರಿಸಿದರು. ಹೀಗೆ ಮರಳುವ ದಾರಿಯನ್ನು ಬರೆದಿಟ್ಟವರಿಗೆ ಹೊಸ ಕೆಲಸದ ಮೇಲೆ ಗಮನ ಹೆಚ್ಚು ನಿಲ್ಲುತ್ತದೆಂದು ಅವರೂ ಸಹೋದ್ಯೋಗಿಯೊಬ್ಬರೂ 2018ರಲ್ಲಿ ತೋರಿಸಿದರು.

ಫೋನಿನಂತಹ ಅನಿರೀಕ್ಷಿತ ಅಡಚಣೆಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಎರಡನೆಯ ಸಲ ರಿಂಗಾಗುವುದರೊಳಗೆ ಒಂದು ಗೆರೆ ಎಳೆದು ದಶಕವನ್ನು ಗುರುತು ಹಾಕಿ, ಆಮೇಲೆ ಎತ್ತಿಕೊಳ್ಳಿ. ಮಾತು ಮುಗಿದ ಬಳಿಕ ಒಡನೆಯೇ ಪೆನ್ನು ಹಿಡಿಯಬೇಡಿ. 2011ರ ಒಂದು ಮಿದುಳು ಚಿತ್ರಣ ಅಧ್ಯಯನದಲ್ಲಿ ಹಿರಿಯರು ಅಡಚಣೆಯಿಂದ ಬಿಡಿಸಿಕೊಳ್ಳುವುದರಲ್ಲೇ ಕಿರಿಯರಿಗಿಂತ ಹಿಂದೆ ಬಿದ್ದದ್ದು ಕಂಡಿತ್ತು. ಆದ್ದರಿಂದ ಒಂದು ದೀರ್ಘ ಉಸಿರು ತೆಗೆದುಕೊಂಡು, 'ಮಾತು ಮುಗಿಯಿತು, ಈಗ ಲೆಕ್ಕ' ಎಂದು ಹೇಳಿಕೊಂಡೇ ಆರಂಭಿಸಿ. ವಾಹನ ಓಡಿಸುವಾಗ, ಒಲೆಯ ಮುಂದೆ ಅಥವಾ ಏಣಿಯ ಮೇಲೆ ಈ ಬಗೆಯ ಯಾವ ಅಭ್ಯಾಸವೂ ಕೂಡದು. ಅಲ್ಲಿ ಮಾಡಬೇಕಾದದ್ದು ಅಡಚಣೆಯನ್ನೇ ದೂರವಿಡುವುದು.

ನಡಿಗೆ, ನಿದ್ದೆ, ಕಣ್ಣು ಮತ್ತು ಕಿವಿ ಸರಿಯಿಲ್ಲದೆ ಇವೆಲ್ಲ ಫಲಿಸುವುದು ಕಷ್ಟ. ಕಿವಿ ಮಂದವಾಗಿದ್ದರೆ ಮಾತನ್ನು ಅರ್ಥಮಾಡಿಕೊಳ್ಳುವುದಕ್ಕೇ ಗಮನವೆಲ್ಲ ಸೋರಿಹೋಗುತ್ತದೆ. ನಿದ್ದೆಯ ಮಾತ್ರೆಗಳು ಮತ್ತು ಕೆಲವು ಹಳೆಯ ಅಲರ್ಜಿ ಮಾತ್ರೆಗಳು ಗಮನವನ್ನು ಮಂಕಾಗಿಸುತ್ತವೆ. ಆದರೆ ವೈದ್ಯರನ್ನು ಕೇಳದೆ ಅವುಗಳನ್ನು ನಿಲ್ಲಿಸಬೇಡಿ. ಪರಿಚಿತ ದಾರಿ ತಪ್ಪುತ್ತಿದ್ದರೆ, ಹಣದ ವ್ಯವಹಾರದಲ್ಲಿ ಪದೇ ಪದೇ ಎಡವುತ್ತಿದ್ದರೆ, ಅಥವಾ ನಿಮಗಿಂತ ಮೊದಲು ಮನೆಯವರೇ ಬದಲಾವಣೆಯನ್ನು ಗಮನಿಸಿದ್ದರೆ ಅಭ್ಯಾಸದ ಫಲಕ್ಕೆ ಕಾಯದೆ ವೈದ್ಯರನ್ನು ಕಾಣಿರಿ. ಗೊಂದಲ ಕೆಲವೇ ಗಂಟೆಗಳಲ್ಲಿ ದಿಢೀರನೆ ಕಾಣಿಸಿಕೊಂಡರೆ ಅದು ತುರ್ತು ಚಿಕಿತ್ಸೆಯ ವಿಷಯ.

ಆರು ವಾರಗಳ ನಂತರ, ಮೊದಲ ಸಲ ಅಳೆದ ಹೊತ್ತಿನಲ್ಲಿಯೇ ಮತ್ತೊಮ್ಮೆ ಅಳೆಯಿರಿ. ಸ್ವರಗಳ ಸರಣಿ ಅಷ್ಟರಲ್ಲಿ ಬಾಯಿಪಾಠವಾಗಿರುವ ಸಾಧ್ಯತೆ ಇರುವುದರಿಂದ ಅವುಗಳ ಜೊತೆಗೆ ಕ ಇಂದ ಠ ವರೆಗಿನ 12 ವ್ಯಂಜನಗಳನ್ನೂ ಬಳಸಿ ಇನ್ನೊಂದು ಸಲ ಮಾಡಿ: ಮೊದಲು ಬಿಡಿಯಾಗಿ, ಬಳಿಕ ಅಂಕಿಗಳೊಡನೆ ಹೆಣೆದು. ಒಟ್ಟು ಸಮಯ ಎಷ್ಟಿದೆ ಎಂಬುದಕ್ಕಿಂತ ಬಿಡಿಗೂ ಹೆಣೆದದ್ದಕ್ಕೂ ನಡುವಿನ ಅಂತರ ಕುಗ್ಗಿದೆಯೇ ಎಂದು ನೋಡಿ, ಮತ್ತು ಆ ಅಂಕಿಯ ಪಕ್ಕದಲ್ಲೇ ಆ ವಾರ ಎಷ್ಟು ಸಲ ಚೀಟಿಯ ನೆರವಿನಿಂದ ತಪ್ಪಿಲ್ಲದೆ ಕೆಲಸಕ್ಕೆ ಮರಳಿದಿರಿ ಎಂಬುದನ್ನೂ ಬರೆದುಕೊಳ್ಳಿ.