ಥ್ರೋ-ಇನ್ ನಂಬಿ ಎಫ್‌ಎ ಕಪ್‌ನ ಮೊದಲ ಸುತ್ತು ತಲುಪಿದ ನನ್ನ ಅನುಭವ

ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯಾದ ಎಫ್‌ಎ ನಡೆಸುವ ಮಹಿಳಾ ಎಫ್‌ಎ ಕಪ್‌ನ 2023-24ರ ಸಾಲಿನಲ್ಲಿ ಬರ್ಕ್‌ಷೈರ್‌ನ ನಮ್ಮ ಚಿಕ್ಕ ಕ್ಲಬ್ ಮೂರು ಅರ್ಹತಾ ಸುತ್ತುಗಳನ್ನು ದಾಟಿ, ಮುಖ್ಯ ಹಂತದ ಮೊದಲ ಸುತ್ತಿನಲ್ಲಿ ಆಡಿತು. ಆ ದಾರಿಯಲ್ಲಿ ನಾವು ಹೊಡೆದ ಗೋಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಥ್ರೋ-ಇನ್‌ನಿಂದಲೇ, ಅಂದರೆ ಬದಿಯ ಗೆರೆ ದಾಟಿ ಹೊರಹೋದ ಚೆಂಡನ್ನು ಕೈಯಿಂದ ಒಳಗೆ ಎಸೆಯುವುದರಿಂದಲೇ, ಹುಟ್ಟಿದವು. ನಾನು ಈ ತಂಡದ ಸಂಬಳವಿಲ್ಲದ ತರಬೇತುದಾರಳು. ಕ್ಲಬ್ಬಿನ ಮಹಿಳಾ ವಿಭಾಗದ ಲೆಕ್ಕಪತ್ರವೂ ನನ್ನ ಕೈಯಲ್ಲೇ ಇದೆ. ಥ್ರೋ-ಇನ್ ನಂಬಿ ಕಪ್ ಆಡುತ್ತೇನೆ ಎಂದಾಗ ನಮ್ಮ ಸಮಿತಿಯಲ್ಲಿ ಒಪ್ಪಿದವರು ಯಾರೂ ಇರಲಿಲ್ಲ. ಪರಿಚಯದ ತರಬೇತುದಾರರೊಬ್ಬರು ಇದನ್ನು ಫುಟ್‌ಬಾಲ್ ಎಂದು ಕರೆಯಲೂ ಸಿದ್ಧರಿರಲಿಲ್ಲ. ಕರ್ನಾಟಕದಲ್ಲಿ ಹುಡುಗಿಯರ ತಂಡ ನಡೆಸುತ್ತಿರುವ ಗೆಳತಿಯರು ಪದೇ ಪದೇ ಕೇಳಿದ್ದರಿಂದ, ಮಾಡಿದ್ದನ್ನೆಲ್ಲ ಒಂದೆಡೆ ಬರೆದಿಡುತ್ತಿದ್ದೇನೆ.

ಕಪ್‌ನ ಸ್ವರೂಪ ನಿಮಗೆ ಗೊತ್ತಿರುವುದೇ. ನಾನೂರಕ್ಕೂ ಹೆಚ್ಚು ತಂಡಗಳು ಸೇರುತ್ತವೆ, ಸೋತವರು ಅಂದೇ ಹೊರಗೆ. ನಮ್ಮಂಥ ಕೆಳದರ್ಜೆಯವರು ಸೆಪ್ಟೆಂಬರ್ ಆಸುಪಾಸಿನಲ್ಲೇ ಆಟ ಶುರುಮಾಡುತ್ತೇವೆ. ಆ ಸಾಲಿನಲ್ಲಿ ಎರಡನೇ ದರ್ಜೆಯ ಚಾಂಪಿಯನ್‌ಶಿಪ್ ಕ್ಲಬ್ಬುಗಳು ಮೂರನೇ ಸುತ್ತಿಗೆ, ಅತಿ ಮೇಲಿನ ದರ್ಜೆಯ ಮಹಿಳಾ ಸೂಪರ್ ಲೀಗ್‌ನವರು ನಾಲ್ಕನೇ ಸುತ್ತಿಗೆ ಬರುತ್ತಿದ್ದರು. ಲೀಗ್‌ನಲ್ಲಾದರೆ ಇಡೀ ವರ್ಷದ ಸರಾಸರಿ ಮುಖ್ಯ. ಕಪ್‌ನಲ್ಲಿ ಆ ಒಂದು ಮಧ್ಯಾಹ್ನ ಎದುರಾಳಿಗಿಂತ ಒಂದು ಗೋಲು ಹೆಚ್ಚಿದ್ದರೆ ಸಾಕು. ಚೆಂಡನ್ನು ಕಾಲಿನಲ್ಲಿ ಇಟ್ಟುಕೊಂಡು ಆಡುವುದರಲ್ಲಿ ನಮಗಿಂತ ಎರಡು ದರ್ಜೆ ಮೇಲಿನವರನ್ನು ನಾವು ಸರಿಗಟ್ಟುವುದು ಸಾಧ್ಯವಿರಲಿಲ್ಲ. ಆದರೆ ಯಾವ ಪಂದ್ಯದಲ್ಲೇ ಆಗಲಿ, ಎದುರಾಳಿಯ ಕೊನೆಯ ಮೂರನೇ ಒಂದು ಭಾಗದಲ್ಲಿ ನಮಗೆ ಎಂಟೋ ಹತ್ತೋ ಥ್ರೋ-ಇನ್ ಸಿಕ್ಕೇ ಸಿಗುತ್ತವೆ. ಥ್ರೋ-ಇನ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ (ಎದುರಾಳಿಯ ರಕ್ಷಕರನ್ನು ದಾಟಿ ಮುಂದೆ ನಿಂತ ತಪ್ಪು) ಇಲ್ಲ. ಎಸೆಯುವವಳಿಂದ ಎದುರಾಳಿ ಎರಡು ಮೀಟರ್ ದೂರ ನಿಲ್ಲಲೇಬೇಕು. ಇಷ್ಟು ಅನುಕೂಲವನ್ನು ಕಾನೂನೇ ಕೊಟ್ಟಿರುವಾಗ, ಹತ್ತಿರದ ಗೆಳತಿಗೆ ಚೆಂಡು ಕೊಟ್ಟು ಮತ್ತೆ ಅದನ್ನು ಕಳೆದುಕೊಳ್ಳುವುದು ನನಗೆ ಎಂದೂ ಸರಿಕಂಡಿಲ್ಲ. ಇದು ನನ್ನ ಹೊಸ ಶೋಧವೇನಲ್ಲ. ಇಂಗ್ಲೆಂಡಿನ ಸ್ಟೋಕ್ ಸಿಟಿ ಕ್ಲಬ್ಬಿನ ರೋರಿ ಡೆಲಾಪ್ ಉದ್ದನೆಯ ಥ್ರೋ-ಇನ್‌ಗಳಿಗೇ ಹೆಸರಾದವರು. ಲಿವರ್‌ಪೂಲ್ 2018ರಲ್ಲಿ ಥಾಮಸ್ ಗ್ರೊನೆಮಾರ್ಕ್ ಅವರನ್ನು ಥ್ರೋ-ಇನ್‌ಗೆಂದೇ ತರಬೇತುದಾರರನ್ನಾಗಿ ಕರೆಸಿಕೊಂಡಿತು. ನಾನು ಮಾಡಿದ್ದು, ಆ ವಿಚಾರವನ್ನು ನಮ್ಮ ದರ್ಜೆಗೆ, ನಮ್ಮ ಹಣಕ್ಕೆ, ನಮ್ಮ ಹೆಣ್ಣುಮಕ್ಕಳ ಭುಜಬಲಕ್ಕೆ ಹೊಂದಿಸಿದ್ದು.

ಮೊದಲೆರಡು ಸಾಲುಗಳಲ್ಲಿ ಇದು ಫಲ ಕೊಡಲಿಲ್ಲ. ಆಗ ನಾವು ದೂರ ಸಿಗಲೆಂದು ಚೆಂಡನ್ನು ಎತ್ತರಕ್ಕೆ ಎಸೆಯುತ್ತಿದ್ದೆವು. ಎತ್ತರದ ಚೆಂಡು ಕೆಳಗಿಳಿಯುವಷ್ಟರಲ್ಲಿ ಗೋಲ್‌ಕೀಪರ್ ಎರಡು ಹೆಜ್ಜೆ ಮುಂದೆ ಬಂದು ಆರಾಮವಾಗಿ ಹಿಡಿದು, ತಕ್ಷಣ ನಮ್ಮ ಖಾಲಿ ಅರ್ಧಕ್ಕೆ ಉರುಳಿಸಿಬಿಡುತ್ತಿದ್ದಳು. ಒಂದು ಕಪ್ ಪಂದ್ಯದಲ್ಲಿ ನಮ್ಮದೇ ಥ್ರೋ-ಇನ್‌ನಿಂದ ಹೊರಟ ಚೆಂಡು ಹತ್ತು ಸೆಕೆಂಡಿನೊಳಗೆ ನಮ್ಮ ಬಲೆಯಲ್ಲಿತ್ತು. ಅದರ ಜೊತೆಗೆ ಫೌಲ್ ಥ್ರೋಗಳು: ಬಲ ಹಾಕುವ ಭರದಲ್ಲಿ ಹಿಂದಿನ ಕಾಲು ನೆಲ ಬಿಡುತ್ತಿತ್ತು, ರೆಫರಿ ಸೀಟಿ ಊದುತ್ತಿದ್ದರು. ಮೊದಲ ಸಾಲಿನಲ್ಲಿ ಮೊದಲ ಅರ್ಹತಾ ಸುತ್ತಿನಲ್ಲೇ ಹೊರಬಿದ್ದೆವು, ಎರಡನೆಯದರಲ್ಲೂ ಅಷ್ಟೇ. ಸಮಿತಿಯ ಸಭೆಯಲ್ಲಿ ನನ್ನೆದುರೇ, ಈ ಹಟ ಬಿಟ್ಟು ಹುಡುಗಿಯರಿಗೆ ಪಾಸ್ ಮಾಡುವುದನ್ನು ಕಲಿಸಿದರೆ ಒಳ್ಳೆಯದು ಎಂಬ ಮಾತು ಬಂತು.

ತಿರುವು ಬಂದದ್ದು ಆಟಗಾರ್ತಿಯಿಂದ. ದಕ್ಷಿಣ ಕನ್ನಡದಿಂದ ಇಲ್ಲಿನ ಆಸ್ಪತ್ರೆಯೊಂದಕ್ಕೆ ನರ್ಸ್ ಆಗಿ ಬಂದಿದ್ದ ಹುಡುಗಿಯೊಬ್ಬಳು ನಮ್ಮ ಬಲಬದಿಯ ಡಿಫೆನ್ಸ್‌ಗೆ ಸೇರಿದಳು. ಫುಟ್‌ಬಾಲ್ ಅವಳು ತಡವಾಗಿ ಕಲಿತದ್ದು. ಶಾಲೆ ಕಾಲೇಜಿನಲ್ಲಿ ಅವಳ ಆಟ ಥ್ರೋಬಾಲ್. ನಾನೂ ಅದೇ ಆಟದಿಂದ ಬಂದವಳಾದ್ದರಿಂದ ಅವಳು ಚೆಂಡು ಹಿಡಿಯುವ ರೀತಿ ನೋಡಿದ ತಕ್ಷಣ ನನಗೆ ಗೊತ್ತಾಯಿತು. ಥ್ರೋಬಾಲ್‌ನಲ್ಲಿ ಹಿಡಿದ ಮೂರು ಸೆಕೆಂಡಿನೊಳಗೆ ಚೆಂಡು ಕೈಬಿಡಬೇಕು, ಎಸೆತ ಭುಜದ ಮೇಲಿನಿಂದ ಹೋಗಬೇಕು. ಹಾಗಾಗಿ ಆ ಆಟದವರ ಎಸೆತ ಚಪ್ಪಟೆಯಾಗಿ, ವೇಗವಾಗಿ ಹೋಗುತ್ತದೆ. ಆದರೆ ಅಲ್ಲಿ ಎಸೆಯುವುದು ಒಂದೇ ಕೈಯಲ್ಲಿ, ಇಲ್ಲಿ ಎರಡೂ ಕೈ ತಲೆಯ ಹಿಂದಿನಿಂದ ಬರಬೇಕು. ಈ ಬದಲಾವಣೆಗೇ ಒಂದು ಇಡೀ ಚಳಿಗಾಲ ಹಿಡಿಯಿತು. ಮೊದಲ ಕೆಲವು ವಾರ ಅವಳು ಮೊಣಕೈಯಿಂದ ಎಸೆಯುತ್ತಿದ್ದಳು, ಚೆಂಡು ಹದಿನೈದು ಮೀಟರ್ ದಾಟುತ್ತಿರಲಿಲ್ಲ. ಮೆಡಿಸಿನ್ ಬಾಲ್ ಹಿಡಿಸಿ, ಮಂಡಿಯೂರಿ ಕೂರಿಸಿ, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಗೋಡೆಗೆ ಎಸೆಯುವ ಅಭ್ಯಾಸ ಮಾಡಿಸಿದೆ. ಒಂದು ಸಂಜೆ ಅವಳು ಬಂದು, "ಅಕ್ಕ, ಇವತ್ತು ಭುಜ ಅಲ್ಲ, ಹೊಟ್ಟೆ ನೋಯ್ತದೆ" ಎಂದಳು. ನಾನು ಕಾಯುತ್ತಿದ್ದದ್ದು ಆ ಮಾತಿಗೇ. ಬಲ ಸೊಂಟದ ಮೇಲಿನ ಸ್ನಾಯುಗಳಿಂದ ಬರತೊಡಗಿದ ಮೇಲೆ ಹಿಂದಿನ ಕಾಲು ತಾನಾಗಿಯೇ ನೆಲದಲ್ಲಿ ಎಳೆದುಕೊಂಡು ಬರಲಾರಂಭಿಸಿತು, ಫೌಲ್ ಥ್ರೋ ಬಹುತೇಕ ನಿಂತುಹೋಯಿತು. ಮಾರ್ಚ್ ಹೊತ್ತಿಗೆ ಅವಳ ಚಪ್ಪಟೆ ಎಸೆತ ಇಪ್ಪತ್ತಮೂರು, ಇಪ್ಪತ್ತನಾಲ್ಕು ಮೀಟರ್ ಮುಟ್ಟುತ್ತಿತ್ತು.

ಈ ಸಂಖ್ಯೆ ಏಕೆ ಮುಖ್ಯವೆಂದರೆ, ನಾನು ಗುರಿಯಿಟ್ಟದ್ದು ಗೋಲಿನ ನಡುವಿಗಲ್ಲ, ಆರು ಗಜದ ಪೆಟ್ಟಿಗೆಯ (ಗೋಲಿನ ಮುಂದಿನ ಚಿಕ್ಕ ಆಯತದ) ಹತ್ತಿರದ ಮೂಲೆಗೆ. ಅರವತ್ತೆಂಟು ಮೀಟರ್ ಅಗಲದ ಮೈದಾನದಲ್ಲಿ ಟಚ್‌ಲೈನಿನಿಂದ (ಬದಿಯ ಗೆರೆಯಿಂದ) ಗೋಲಿನ ಹತ್ತಿರದ ಕಂಬಕ್ಕೆ ಮೂವತ್ತು ಮೀಟರ್ ಚಿಲ್ಲರೆ. ಅದರಲ್ಲಿ ಪೆಟ್ಟಿಗೆಯ ಐದೂವರೆ ಮೀಟರ್ ಕಳೆದರೆ ಇಪ್ಪತ್ತೈದರ ಹತ್ತಿರ ಬರುತ್ತದೆ. ಅರವತ್ನಾಲ್ಕು ಮೀಟರ್ ಅಗಲವಿದ್ದರೆ ಇಪ್ಪತ್ತಮೂರಕ್ಕಿಂತ ತುಸು ಕಡಿಮೆ ಸಾಕು. ನಮ್ಮ ದರ್ಜೆಯಲ್ಲಿ ಆ ಎರಡು ಮೀಟರ್ ಎಂದರೆ ಗೋಲು ಮತ್ತು ಗೋಲ್‌ಕಿಕ್‌ನ (ಚೆಂಡು ಹೊರಹೋಗಿ ಎದುರಾಳಿಗೆ ಸಿಗುವ ಒದೆತದ) ನಡುವಿನ ಅಂತರ. ಆದ್ದರಿಂದ ತವರು ಪಂದ್ಯಗಳಿಗೆ ಮೈದಾನ ಬಾಡಿಗೆ ಪಡೆಯುವಾಗ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಬಾಡಿಗೆಯದ್ದಲ್ಲ, ಅಗಲದ್ದು. ಹೊರಗಿನ ಪಂದ್ಯವಾದರೆ ಆಟಕ್ಕೆ ಒಂದು ಗಂಟೆ ಮೊದಲೇ ಹೋಗಿ ಟೇಪ್ ಹಿಡಿದು ಅಳೆಯುತ್ತಿದ್ದೆ. ಚೆಂಡು ಆ ಮೂಲೆಗೆ ತಲೆಯೆತ್ತರದಲ್ಲಿ ಬಂದಾಗ ಗೋಲ್‌ಕೀಪರ್ ಹೊರಬರಲೋ ಬೇಡವೋ ಎಂದು ತಡೆಯುತ್ತಾಳೆ. ಅಲ್ಲಿ ನಮ್ಮ ಎತ್ತರದ ಹುಡುಗಿ ತಲೆಯಿಂದ ಹಿಂದಕ್ಕೆ ಸವರಿದರೆ ಸಾಕು, ದೂರದ ಕಂಬದ ಬಳಿ ಇಬ್ಬರು ಓಡಿಬಂದಿರುತ್ತಾರೆ. ಎದುರಾಳಿಯ ಪ್ರತಿದಾಳಿ ತಡೆಯಲು ಪೆಟ್ಟಿಗೆಯ ಅಂಚಿನಲ್ಲಿ ಇಬ್ಬರು, ನಡುಗೆರೆಯಲ್ಲಿ ಇಬ್ಬರು. ಗೋಲ್‌ಕೀಪರಿನ ಕಣ್ಣಿಗೆ ಅಡ್ಡ ನಿಲ್ಲುವ ಹುಡುಗಿ ಯಾವ ಕ್ಷಣದಲ್ಲಿ, ಯಾವ ಸನ್ನೆಗೆ ಜಾಗ ಬಿಡುತ್ತಾಳೆ ಎಂಬುದನ್ನು ಇಲ್ಲಿ ಹೇಳಲಾರೆ. ನಾವಿನ್ನೂ ಅದೇ ಲೀಗ್‌ನಲ್ಲಿ ಆಡುತ್ತಿದ್ದೇವೆ.

ಹಣದ ಮಾತಿಗೆ ಬರುತ್ತೇನೆ, ಏಕೆಂದರೆ ಈ ವಿಧಾನವನ್ನು ನಾನು ಬಿಡದೆ ಹಿಡಿದದ್ದಕ್ಕೆ ಅದೂ ಒಂದು ಕಾರಣ. ಇಲ್ಲಿ ಚಳಿಗಾಲದಲ್ಲಿ ದೀಪವಿರುವ ಕೃತಕ ಹುಲ್ಲಿನ ಪೂರ್ತಿ ಮೈದಾನ ಆಗ ಗಂಟೆಗೆ ನೂರು ಪೌಂಡ್‌ನ ಆಸುಪಾಸು ಇತ್ತು. ಕ್ಲಬ್ಬಿನ ಪುರುಷರ ತಂಡಗಳಿಗೆ ಹಂಚಿ ಉಳಿದದ್ದು ನಮ್ಮದು. 1921ರ ಡಿಸೆಂಬರ್‌ನಲ್ಲಿ ಎಫ್‌ಎ ತನ್ನ ಸದಸ್ಯ ಕ್ಲಬ್ಬುಗಳ ಮೈದಾನದಲ್ಲಿ ಹೆಂಗಸರ ಪಂದ್ಯ ನಡೆಸಬಾರದೆಂದು ನಿಷೇಧ ಹೇರಿತ್ತು. ಹೆಚ್ಚುಕಡಿಮೆ ಐವತ್ತು ವರ್ಷ ಅದು ಜಾರಿಯಲ್ಲಿತ್ತು. ಈ ಕಪ್‌ನ ಮೊದಲ ಫೈನಲ್ ನಡೆದದ್ದೇ 1971ರಲ್ಲಿ. ಸೌತಾಂಪ್ಟನ್ ತಂಡ ಸ್ಕಾಟ್ಲೆಂಡಿನ ಸ್ಟೂವರ್ಟನ್ ಥಿಸಲ್ ತಂಡವನ್ನು 4-1ರಿಂದ ಸೋಲಿಸಿತು. ಮೈದಾನದ ಸರತಿಯಲ್ಲಿ ಹೆಂಗಸರು ಇಂದಿಗೂ ಕೊನೆಗೆ ನಿಲ್ಲುವುದರ ಹಿಂದೆ ಆ ಐವತ್ತು ವರ್ಷಗಳಿವೆ ಎಂದೇ ನನ್ನ ಗಟ್ಟಿ ನಂಬಿಕೆ. ಥ್ರೋ-ಇನ್ ಅಭ್ಯಾಸಕ್ಕೆ ಪೂರ್ತಿ ಮೈದಾನ ಬೇಡ. ಮೂವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಒಂದು ಮೂಲೆ ಸಾಕು. ಹಾಗಾಗಿ ಗಂಟೆಗೆ ಮೂವತ್ತೈದು ಪೌಂಡ್ ಕೊಟ್ಟು ಮೂರನೇ ಒಂದು ಭಾಗ ಹಿಡಿದೆ. ಮಳೆ ಜೋರಾದ ವಾರಗಳಲ್ಲಿ ಶಾಲೆಯೊಂದರ ಹಾಲ್ ಅದಕ್ಕಿಂತಲೂ ಅಗ್ಗಕ್ಕೆ ಸಿಕ್ಕಿತು. ಒಂದು ಚಳಿಗಾಲದಲ್ಲಿ ಬಾಡಿಗೆಯಲ್ಲೇ ಸುಮಾರು ಸಾವಿರ ಪೌಂಡ್ ಉಳಿಯಿತು. ಮೆಡಿಸಿನ್ ಬಾಲ್ ಎರಡು, ಚೆಂಡು ಒರೆಸಲು ಟವೆಲ್ ಒಂದು ಡಜನ್, ಅಳತೆಯ ಟೇಪ್, ಎಲ್ಲ ಸೇರಿ ನೂರು ಪೌಂಡ್ ಮೀರಲಿಲ್ಲ.

ಆ ಸಾಲಿನಲ್ಲಿ ಮಹಿಳಾ ಕಪ್‌ನ ಒಟ್ಟು ಬಹುಮಾನವನ್ನು ಮೂವತ್ತು ಲಕ್ಷ ಪೌಂಡ್‌ನಿಂದ ಅರವತ್ತು ಲಕ್ಷಕ್ಕೆ ಏರಿಸಿದ್ದರು. ನನ್ನ ನೆನಪಿನಂತೆ ಮೊದಲ ಅರ್ಹತಾ ಸುತ್ತು ಗೆದ್ದವರಿಗೆ 1,800 ಪೌಂಡ್; ಆಗಿನ ದರದಲ್ಲಿ ಒಂದೂಮುಕ್ಕಾಲು ಲಕ್ಷ ರೂಪಾಯಿಗೂ ಹೆಚ್ಚು. ಆಗ ಪುರುಷರ ಕಪ್ ಗೆದ್ದವರಿಗೆ ಸಿಗುತ್ತಿದ್ದ ಇಪ್ಪತ್ತು ಲಕ್ಷ ಪೌಂಡ್‌ನ ಎದುರು ಮಹಿಳೆಯರ ಕಪ್ ಗೆದ್ದವರಿಗೆ ನಾಲ್ಕು ಲಕ್ಷ ಮೂವತ್ತು ಸಾವಿರ ಮಾತ್ರ ಇದ್ದದ್ದು ಅನ್ಯಾಯವೇ, ಇಂಗ್ಲೆಂಡಿನ ಲೂಯಿಸ್ ಫುಟ್‌ಬಾಲ್ ಕ್ಲಬ್‌ನವರು ಅದರ ವಿರುದ್ಧ ದನಿಯೆತ್ತಿದ್ದು ಸರಿಯೇ. ಆದರೂ ನಮ್ಮಂಥವರಿಗೆ ಒಂದು ಗೆಲುವು ಎಂದರೆ ಒಂದು ಇಡೀ ವರ್ಷದ ಅಭ್ಯಾಸದ ಬಾಡಿಗೆ.

ಮೊದಲ ಅರ್ಹತಾ ಪಂದ್ಯಕ್ಕೆ ಎಪ್ಪತ್ತು ಜನ ಪ್ರೇಕ್ಷಕರಿದ್ದಿರಬಹುದು. ನಮ್ಮ ನರ್ಸ್ ಹುಡುಗಿ ಶನಿವಾರ ರಾತ್ರಿಪಾಳಿ ಮುಗಿಸಿ ಬಂದವಳು, ಮಿನಿಬಸ್ಸಿನಲ್ಲೇ ಒಂದು ಗಂಟೆ ಮಲಗಿದ್ದಳು. ಎರಡೂ ಗೋಲುಗಳು ಅವಳ ಎಸೆತದಿಂದಲೇ ಬಂದವು, 2-1ಕ್ಕೆ ಗೆದ್ದೆವು. ಎರಡನೇ ಸುತ್ತಿನಲ್ಲಿ ಎದುರಾಳಿಗಳು ಸಿದ್ಧರಾಗಿಯೇ ಬಂದಿದ್ದರು. ಹತ್ತಿರದ ಮೂಲೆಗೆ ಮೂವರನ್ನು ನಿಲ್ಲಿಸಿದರು. ಆಗ ನಾವು ಚಪ್ಪಟೆ ಎಸೆತದ ಸನ್ನೆ ತೋರಿಸಿ ಪೆಟ್ಟಿಗೆಯ ಅಂಚಿಗೆ ಗಿಡ್ಡ ಎಸೆತ ಕೊಟ್ಟೆವು, ಖಾಲಿ ಬಿಟ್ಟಿದ್ದ ಜಾಗದಿಂದ ನಮ್ಮ ನಾಯಕಿ ಹೊಡೆದಳು. 1-1ರ ನಂತರ ಪೆನಾಲ್ಟಿಯಲ್ಲಿ ದಾಟಿದೆವು. ಮೂರನೇ ಸುತ್ತು ಎಡಬಿಡದ ಮಳೆಯಲ್ಲಿ ನಡೆಯಿತು. ಟಚ್‌ಲೈನಿನ ಉದ್ದಕ್ಕೂ ನಮ್ಮ ಬದಲಿ ಆಟಗಾರ್ತಿಯರು ಜಾಕೆಟ್ಟಿನೊಳಗೆ ಟವೆಲ್ ಒಣಗಿಸಿ ಹಿಡಿದು ಕುಳಿತಿದ್ದರು, ಚೆಂಡು ಹೊರಬಿದ್ದಲ್ಲೆಲ್ಲ ಒಬ್ಬಳು ಓಡುತ್ತಿದ್ದಳು. ಅವರ ಕಡೆಯವರ ಎಸೆತ ಕೈಯಿಂದ ಜಾರುತ್ತಿದ್ದಾಗ ನಮ್ಮದು ಗುರಿಗೆ ಬೀಳುತ್ತಿತ್ತು, 3-2. ಟವೆಲಿಗೆ ಖರ್ಚು ಮಾಡಿದ್ದನ್ನು ಸಮಿತಿಯಲ್ಲಿ ಪ್ರಶ್ನಿಸಿದ್ದವರೇ ಅಂದು ಟವೆಲ್ ಹಿಂಡುತ್ತಿದ್ದರು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಚೆಂಡಿನ ಗಾಳಿಯ ಒತ್ತಡ 0.6ರಿಂದ 1.1 ಅಟ್ಮಾಸ್ಫಿಯರ್‌ವರೆಗೆ ಇರಬಹುದೆಂದು ನಿಯಮ ಹೇಳುತ್ತದೆ. ಅಭ್ಯಾಸದಲ್ಲಿ ಬೇರೆ ಬೇರೆ ಒತ್ತಡದ ಚೆಂಡುಗಳನ್ನು ಎಸೆಸಿ ನೋಡಿದೆ: ಗಾಳಿ ಕಡಿಮೆಯಿದ್ದರೆ ಕೈಗೆ ಚೆನ್ನಾಗಿ ಹತ್ತುತ್ತದೆ, ಆದರೆ ತಲೆಗೆ ತಾಗಿದಾಗ ಮುಂದಕ್ಕೆ ಚಿಮ್ಮುವುದಿಲ್ಲ. ತವರು ಪಂದ್ಯಕ್ಕೆ ಯಾವ ಒತ್ತಡಕ್ಕೆ ನಿಂತೆವು ಎಂಬುದು ನಮ್ಮಲ್ಲೇ ಇರಲಿ. ಇನ್ನೊಂದು, ನನಗೆ ಹೆಚ್ಚು ಖುಷಿ ಕೊಟ್ಟ ಪ್ರಯೋಗ: ವಾರಕ್ಕೊಮ್ಮೆ ಶಾಲೆಯ ಹಾಲ್‌ನಲ್ಲಿ ಬಲೆ ಕಟ್ಟಿ ಇಡೀ ತಂಡಕ್ಕೆ ಥ್ರೋಬಾಲ್ ಆಡಿಸಿದೆ. ಇಂಗ್ಲೆಂಡಿನ ಹುಡುಗಿಯರು ಈ ಆಟದ ಹೆಸರನ್ನೇ ಕೇಳಿರಲಿಲ್ಲ, ಆದರೆ ನೆಟ್‌ಬಾಲ್ ಆಡಿ ಬೆಳೆದವರಾದ್ದರಿಂದ ಬೇಗ ಹೊಂದಿಕೊಂಡರು. ಇದರ ಲಾಭ ಪಡೆದವಳು ನಮ್ಮ ಗೋಲ್‌ಕೀಪರ್. ಹತ್ತಿರದಿಂದ ಬರುವ ವೇಗದ ಚೆಂಡನ್ನು ಗುದ್ದುವ ಬದಲು ಹಿಡಿಯುವುದನ್ನು ಅವಳು ಕಲಿತದ್ದು ಅಲ್ಲಿ. ಕಾರ್ನರ್‌ಗಳಿಗೂ (ಮೈದಾನದ ಮೂಲೆಯಿಂದ ಒದೆಯುವ ಚೆಂಡಿಗೂ) ಇದೇ ಯೋಜನೆ ಹೊಂದಿಸಲು ನೋಡಿದೆ. ಕಾಲಿನ ಹೊಡೆತಕ್ಕೆ ಅಷ್ಟು ನಿಖರತೆ ಬರಲಿಲ್ಲ, ಕೈಬಿಟ್ಟೆ.

ನವೆಂಬರಿನ ಮೊದಲ ಸುತ್ತಿನಲ್ಲಿ ನಮಗಿಂತ ಬಹಳ ಮೇಲಿನ ದರ್ಜೆಯ ತಂಡ ಸಿಕ್ಕಿತು. ಅವರ ಗೋಲ್‌ಕೀಪರ್ ನಿಸ್ಸಂಕೋಚವಾಗಿ ಮುಂದೆ ಬಂದು ಎಸೆತಗಳನ್ನು ಗಾಳಿಯಲ್ಲೇ ಹಿಡಿದಳು, 4-1ಕ್ಕೆ ಸೋತೆವು. ಆ ಒಂದು ಗೋಲು ಮಾತ್ರ ಥ್ರೋ-ಇನ್‌ನದ್ದೇ. ಮುಂದಿನ ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ಎಪ್ಪತ್ತಾರು ಸಾವಿರಕ್ಕೂ ಹೆಚ್ಚು ಜನರೆದುರು ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಟಾಟೆನ್‌ಹ್ಯಾಮ್ ತಂಡವನ್ನು 4-0ರಿಂದ ಸೋಲಿಸಿ ಎತ್ತಿಕೊಂಡ ಕಪ್‌ಗಾಗಿಯೇ ನಾವೂ ಆಡಿದ್ದೆವು ಎಂಬ ಹೆಮ್ಮೆ ನನ್ನ ಹುಡುಗಿಯರಿಗೆ ಇದೆ, ನನಗೂ ಇದೆ. ನಮ್ಮ ಮೊದಲ ಸುತ್ತಿನ ಪಂದ್ಯ ಮುಗಿದ ಮೇಲೆ ಎದುರಾಳಿ ತರಬೇತುದಾರರು ಬಂದು ನಮ್ಮ ಅಳತೆಗಳನ್ನು ವಿಚಾರಿಸಿದರು. ದೂರ ಹೇಳಿದೆ, ಸನ್ನೆ ಹೇಳಲಿಲ್ಲ.

ಬಹುಮಾನದಲ್ಲಿ ಮಿನಿಬಸ್ಸಿನ ಬಾಡಿಗೆ, ರೆಫರಿಗಳ ಶುಲ್ಕ ಕಳೆದು ಉಳಿದದ್ದರಿಂದ ಮುಂದಿನ ಚಳಿಗಾಲಕ್ಕೆ ಮೈದಾನವನ್ನು ಮುಂಗಡವಾಗಿಯೇ ಕಾಯ್ದಿರಿಸಿದೆವು. ನಮ್ಮ ದೊಡ್ಡ ಕೊರತೆ ಎಡಬದಿಯದ್ದಾಗಿತ್ತು: ನರ್ಸ್ ಹುಡುಗಿ ಬಲಬದಿಯಿಂದ ಓಡಿ ಬರುವಷ್ಟರಲ್ಲಿ ಎದುರಾಳಿಗಳು ಜಾಗ ತುಂಬಿಸಿಬಿಡುತ್ತಿದ್ದರು. ಅದಕ್ಕೆ ನೆಟ್‌ಬಾಲ್‌ನಿಂದ ಬಂದ ಹದಿನೇಳರ ಹುಡುಗಿಯೊಬ್ಬಳನ್ನು ಈಗ ಸಿದ್ಧಮಾಡುತ್ತಿದ್ದೇವೆ. ಸದ್ಯಕ್ಕೆ ಹತ್ತೊಂಬತ್ತು ಮೀಟರ್ ಮುಟ್ಟಿದ್ದಾಳೆ, ಹಿಂದಿನ ಕಾಲು ಇನ್ನೂ ಆಗಾಗ ಏಳುತ್ತದೆ. ಅವಳಿಗೆ ಕಲಿಸುವ ಹೊಣೆಯನ್ನು ನರ್ಸ್ ಹುಡುಗಿಗೇ ವಹಿಸಿದ್ದೇನೆ.